ಗ್ಲಾಸಿ ಫೋಟೋಗೆ ದೊಡ್ಡ ಪ್ರಿಂಟರ್: ಓರೆ ಹಿಡಿದು ನೋಡಿ, ಆಮೇಲೆ ಆರಿಸಿ

ಗ್ಲಾಸಿ, ಅಂದರೆ ನುಣುಪು ಹೊಳಪಿನ, ಕಾಗದದ ಮೇಲೆ ಬಂದ ಫೋಟೋವನ್ನು ಎದುರಿಗೆ ನೇರ ಹಿಡಿದು ನೋಡಿದರೆ, ಈಗಿನ ಒಳ್ಳೆಯ ಪ್ರಿಂಟರ್‌ಗಳ ನಡುವೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಅದನ್ನೇ ಒಂದು ದೀಪದ ಕೆಳಗೆ ಸ್ವಲ್ಪ ಓರೆ ಮಾಡಿ. ಬೆಳಕು ಕಾಗದದ ಮೇಲಿಂದ ಜಾರಿ ಕಣ್ಣಿಗೆ ಬೀಳುತ್ತದಲ್ಲ, ಆಗ ಎಲ್ಲ ಬಯಲಾಗುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ಕಪ್ಪು-ಬಿಳುಪು ಚಿತ್ರದಿಂದ. ಕಿಟಕಿ ಪಕ್ಕ ಕೂತ ವಯಸ್ಸಾದ ಹೆಂಗಸು, ಹಿಂದೆ ಕತ್ತಲು, ಮುಖದ ಮೇಲೆ ಬೆಳಕು. ಅದನ್ನು ದೊಡ್ಡದಾಗಿ ಗ್ಲಾಸಿ ಕಾಗದದಲ್ಲಿ ತೆಗೆದೆ. ಮೇಜಿನ ಮೇಲಿಟ್ಟು ನೋಡಿದಾಗ ಬಹಳ ಖುಷಿಯಾಯಿತು. ಗೋಡೆಗೆ ಹಾಕಿದ ಸಂಜೆ ಪಕ್ಕದಿಂದ ನೋಡಿದೆ. ಕಿಟಕಿಯ ಬಿಳಿ ಭಾಗಕ್ಕೆ ಒಂಥರಾ ಹೊಳಪು, ಅದರ ಸುತ್ತಲಿನ ಬೂದು ಬಣ್ಣಕ್ಕೆ ಇನ್ನೊಂಥರಾ. ಕತ್ತಲಿದ್ದ ಜಾಗದಲ್ಲಿ ಹಳೇ ಕಂಚಿನ ಪಾತ್ರೆಯ ಹಾಗೆ ಕೆಂಪು ಮಿಂಚು. ಚಿತ್ರದ ಮೇಲೆ ಇನ್ನೊಂದು ಚಿತ್ರ ಕೂತ ಹಾಗಿತ್ತು. ಪ್ರಿಂಟರ್ ಕೆಟ್ಟಿರಲಿಲ್ಲ. ಬಣ್ಣವೂ ತಪ್ಪಿರಲಿಲ್ಲ. ಆ ಇಂಕು ಆ ಕಾಗದದ ಮೇಲೆ ಕೂತ ರೀತಿಯೇ ಹಾಗಿತ್ತು.

ಅದಕ್ಕೇ ಹೇಳುತ್ತೇನೆ, ಗ್ಲಾಸಿ ಫೋಟೋಗೆ ಪ್ರಿಂಟರ್ ಹುಡುಕುವವರು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ), ವೇಗ, ಬಣ್ಣಗಳ ಸಂಖ್ಯೆ ಇವುಗಳಿಂದ ಶುರು ಮಾಡಬೇಡಿ. ಇಂಕು ಕಾಗದದ ಮೇಲೆ ಹೇಗೆ ಕೂರುತ್ತದೆ ಎಂದು ಮೊದಲು ನೋಡಿ. ಆಮೇಲೆ ವಾರಕ್ಕೆ ನಿಜವಾಗಿ ಎಷ್ಟು ಪ್ರಿಂಟ್ ತೆಗೆಯುತ್ತೀರಿ ಎಂದು ಲೆಕ್ಕ ಹಾಕಿ. ಉಳಿದ ಎಲ್ಲ ವಿಚಾರ ಈ ಎರಡರ ಬೆನ್ನಿಗೇ ಬರುತ್ತದೆ.

ಅದಕ್ಕೂ ಮೊದಲು ಒಂದು ಸಣ್ಣ ಗೊಂದಲ ತೀರಿಸಿಕೊಳ್ಳೋಣ. ‘ವೈಡ್ ಫಾರ್ಮ್ಯಾಟ್’ (ಅಗಲ ಕಾಗದದ ಪ್ರಿಂಟರ್) ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಜಾತಿಯ ಯಂತ್ರಗಳಿವೆ. ಬ್ಯಾನರ್, ವಿನೈಲ್ ಹೊಡೆಯುವ ಸಾಲ್ವೆಂಟ್ ಮತ್ತು ಯುವಿ ಯಂತ್ರಗಳು ಒಂದು. ಕಟ್ಟಡದ ನಕ್ಷೆ ತೆಗೆಯುವ ಪ್ಲಾಟರ್‌ಗಳು ಇನ್ನೊಂದು. ಪ್ಲಾಟರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕೋ ಐದೋ ಬಣ್ಣ ಇರುತ್ತದೆ. ಗೆರೆ ಚೂಪಾಗಿ ಬರುತ್ತದೆ, ಆದರೆ ಚರ್ಮದ ಬಣ್ಣ, ಆಕಾಶದಲ್ಲಿ ನಿಧಾನ ಬದಲಾಗುವ ಬಣ್ಣ ಅವಕ್ಕೆ ಒಗ್ಗುವುದಿಲ್ಲ. ಮೂರನೆಯದು ನೀರಿನ ಇಂಕು ಬಳಸುವ ಫೋಟೋ ಪ್ರಿಂಟರ್. ನಮಗೆ ಬೇಕಾದದ್ದು ಇದು. 24 ಇಂಚಿನ ಪ್ಲಾಟರ್ ಒಂದು ಕಡಿಮೆ ಬೆಲೆಗೆ ಸಿಕ್ಕಿತು ಎಂದು ಫೋಟೋಗಾಗಿ ತಂದುಕೊಳ್ಳಬೇಡಿ.

ಇಂಕು ಒಳಗೆ ಇಳಿಯುತ್ತದೋ, ಮೇಲೆ ಕೂರುತ್ತದೋ

ಫೋಟೋ ಪ್ರಿಂಟರ್‌ಗಳ ಇಂಕಿನಲ್ಲಿ ಎರಡು ಬಗೆ: ಡೈ ಮತ್ತು ಪಿಗ್ಮೆಂಟ್. ಡೈ ಅಂದರೆ ನೀರಿನಲ್ಲಿ ಉಪ್ಪು ಕರಗಿದ ಹಾಗೆ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಅಂದರೆ ಕರಗದೆ ತೇಲುತ್ತಿರುವ ಬಹಳ ನುಣುಪಾದ ಬಣ್ಣದ ಪುಡಿ.

ಗ್ಲಾಸಿ ಕಾಗದದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಡೈ ಇಂಕು ಬಿದ್ದ ಕೂಡಲೇ ಆ ರಂಧ್ರಗಳ ಒಳಗೆ ಇಳಿದುಬಿಡುತ್ತದೆ. ಬಟ್ಟೆಗೆ ಬಣ್ಣ ಅದ್ದಿದ ಹಾಗೆ. ಮೇಲ್ಮೈ ಮೊದಲಿದ್ದಂತೆಯೇ ನುಣ್ಣಗೆ ಉಳಿಯುತ್ತದೆ. ಬಿಳಿ ಜಾಗದ ಹೊಳಪು, ಕಪ್ಪು ಜಾಗದ ಹೊಳಪು ಎರಡೂ ಒಂದೇ. ಓರೆ ಹಿಡಿದರೂ ಗಾಜಿನ ಹಾಗೆ ಒಂದೇ ಸಮ ಮಿಂಚುತ್ತದೆ.

ಪಿಗ್ಮೆಂಟ್ ಕಣಗಳು ಆ ರಂಧ್ರಗಳಿಗೆ ಹಿಡಿಸುವುದಿಲ್ಲ. ನೀರು ಒಳಗೆ ಹೋಗುತ್ತದೆ, ಪುಡಿ ಮೇಲೆ ಉಳಿಯುತ್ತದೆ. ಗೋಡೆಗೆ ಸುಣ್ಣ ಬಳಿದ ಹಾಗೆ ಒಂದು ತೆಳು ಪದರ ಕೂರುತ್ತದೆ. ಹೆಚ್ಚು ಇಂಕು ಬಿದ್ದಲ್ಲಿ ಪದರ ದಪ್ಪ, ಕಡಿಮೆ ಬಿದ್ದಲ್ಲಿ ತೆಳು, ಅಚ್ಚ ಬಿಳಿ ಇರುವಲ್ಲಿ ಇಂಕೇ ಇಲ್ಲ, ಬರೀ ಕಾಗದ. ಹಾಗಾಗಿ ಮೂರು ಕಡೆ ಮೂರು ಥರದ ಹೊಳಪು. ನನ್ನ ಕಿಟಕಿ ಚಿತ್ರದಲ್ಲಿ ಕಂಡದ್ದು ಇದೇ. ಇದನ್ನು ಗ್ಲಾಸ್ ಡಿಫರೆನ್ಶಿಯಲ್, ಅಂದರೆ ಹೊಳಪಿನ ವ್ಯತ್ಯಾಸ, ಎನ್ನುತ್ತಾರೆ. ಕತ್ತಲಲ್ಲಿ ಕಂಡ ಕಂಚಿನ ಮಿಂಚಿಗೆ ಬ್ರಾಂಝಿಂಗ್ ಎಂದು ಹೆಸರು.

ಹಾಗಾದರೆ ಡೈ ತಗೊಂಡರೆ ಆಯ್ತಲ್ಲ ಎನಿಸಬಹುದು. ಅಷ್ಟು ಸುಲಭ ಅಲ್ಲ. ರಂಧ್ರದೊಳಗೆ ಇಳಿದ ಡೈಗೆ ಗಾಳಿಯ ಕಾಟ ಇದೆ. ರಂಧ್ರಗಳು ತೆರೆದೇ ಇರುತ್ತವೆ, ಅವುಗಳ ಮೂಲಕ ಗಾಳಿಯಲ್ಲಿರುವ ಓಝೋನ್ ಒಳಗೆ ಹೋಗಿ ಡೈಯನ್ನು ತಿನ್ನುತ್ತದೆ. 2000ದ ಸುಮಾರಿಗೆ ಇದು ದೊಡ್ಡ ಸುದ್ದಿಯಾಗಿತ್ತು. ಹಲವು ವರ್ಷ ಬಾಳುತ್ತದೆ ಎಂದು ನಂಬಿ ತೆಗೆದ ಡೈ ಪ್ರಿಂಟ್‌ಗಳು ಕೆಲವರ ಮನೆಯಲ್ಲಿ ನೋಡನೋಡುತ್ತಲೇ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಓಝೋನ್‌ಗೆ ಮೊದಲು ಬಲಿಯಾಗಿದ್ದು ಸಯಾನ್, ಅಂದರೆ ತಿಳಿನೀಲಿ. ಅದು ಹೋದ ಮೇಲೆ ಉಳಿಯುವುದು ಕೆಂಪು-ಹಳದಿ, ಅಲ್ವಾ? ಅಂದಿನಿಂದ ಡೈ ಇಂಕುಗಳು ಬಹಳ ಸುಧಾರಿಸಿವೆ. ಗಾಜಿನ ಹಿಂದೆ ಅಥವಾ ಆಲ್ಬಮ್ಮಿನಲ್ಲಿ ಇಟ್ಟರೆ ಈಗಿನ ಡೈ ಪ್ರಿಂಟ್ ಚೆನ್ನಾಗಿಯೇ ಬಾಳುತ್ತದೆ. ಆದರೂ ಬಿಸಿಲು, ಗಾಳಿ ಎರಡನ್ನೂ ತಡೆದುಕೊಳ್ಳುವುದರಲ್ಲಿ ಪಿಗ್ಮೆಂಟ್ ಮುಂದಿದೆ. ಹೆನ್ರಿ ವಿಲ್ಹೆಲ್ಮ್ ಅವರ ಸಂಸ್ಥೆ ಪ್ರಿಂಟ್‌ಗಳ ಬಾಳಿಕೆಯನ್ನು ಪರೀಕ್ಷಿಸಿ ವರ್ಷಗಳ ಲೆಕ್ಕ ಕೊಡುತ್ತದೆ. ಗಾಜಿನ ಹಿಂದೆ ಇಟ್ಟರೆ ಒಂದು ಲೆಕ್ಕ, ಗಾಜಿಲ್ಲದೆ ತೂಗುಹಾಕಿದರೆ ಇನ್ನೊಂದು, ಕತ್ತಲಲ್ಲಿ ಎತ್ತಿಟ್ಟರೆ ಮತ್ತೊಂದು. ಜಾಹೀರಾತಿನಲ್ಲಿ ‘ಇಷ್ಟು ವರ್ಷ’ ಎಂದು ಓದಿದಾಗ ಅದು ಇವುಗಳಲ್ಲಿ ಯಾವುದು ಎಂದು ಕೇಳಿಕೊಳ್ಳಿ.

ಪಿಗ್ಮೆಂಟಿನ ಹೊಳಪಿನ ತೊಂದರೆಗೆ ತಯಾರಕರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಬಣ್ಣವೇ ಇಲ್ಲದ ಒಂದು ಪಾರದರ್ಶಕ ದ್ರವವನ್ನು ಇನ್ನೊಂದು ಕಾರ್ಟ್ರಿಡ್ಜಿನಲ್ಲಿ ತುಂಬಿ, ಬಣ್ಣದ ಜೊತೆಗೆ ಅದನ್ನೂ ಸಿಂಪಡಿಸುವುದು. ಏರುಪೇರಾದ ಮೇಲ್ಮೈಯನ್ನು ಅದು ಸಮ ಮಾಡುತ್ತದೆ. ಕ್ಯಾನನ್‌ನವರು ಇದನ್ನು ಕ್ರೋಮಾ ಆಪ್ಟಿಮೈಝರ್ ಎಂದು ಕರೆಯುತ್ತಾರೆ. ಎಪ್ಸನ್‌ನ ಕೆಲವು ಮಾದರಿಗಳಲ್ಲಿ ಗ್ಲಾಸ್ ಆಪ್ಟಿಮೈಝರ್ ಇತ್ತು, ಎಚ್‌ಪಿಯಲ್ಲಿ ಗ್ಲಾಸ್ ಎನ್‌ಹ್ಯಾನ್ಸರ್. ಕ್ಯಾನನ್‌ನ 13 ಇಂಚಿನ ಪ್ರೊ-300ರಲ್ಲಿ 10 ಇಂಕುಗಳಿವೆ, 17 ಇಂಚಿನ ಪ್ರೊ-1000ರಲ್ಲಿ 12. ಎರಡರಲ್ಲೂ ಒಂದು ಈ ಪಾರದರ್ಶಕ ಇಂಕು. ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರಿನಲ್ಲಿ ಇದನ್ನು ‘ಆಟೋ’ ಬಿಡಬಹುದು, ಇಲ್ಲವೇ ‘ಓವರ್‌ಆಲ್’ ಮಾಡಿ ಇಡೀ ಹಾಳೆಗೆ ಹೊಡೆಸಬಹುದು. ಬಿಳಿ ಮೋಡ, ಬಿಳಿ ಬಟ್ಟೆ, ಮಂಜು ಇರುವ ಚಿತ್ರಕ್ಕೆ ನಾನಾದರೆ ‘ಓವರ್‌ಆಲ್’ ಇಡುತ್ತೇನೆ. ಇಂಕು ಜಾಸ್ತಿ ಹೋಗುತ್ತದೆ, ಹೋಗಲಿ.

ಎಪ್ಸನ್ 2020ರಲ್ಲಿ ತಂದ ಪಿ700 ಮತ್ತು ಪಿ900 ಬೇರೆ ದಾರಿ ಹಿಡಿದವು. ಪಾರದರ್ಶಕ ಇಂಕು ಇಲ್ಲ. ಬದಲಿಗೆ ಪ್ರತಿ ಪಿಗ್ಮೆಂಟ್ ಕಣಕ್ಕೂ ರಾಳದ ಹೊದಿಕೆ ಇದೆ, ಅದರಿಂದ ಪದರ ನುಣುಪಾಗಿ ಕೂರುತ್ತದೆ. ಗ್ಲಾಸಿ ಕಾಗದದ ಗಾಢ ಜಾಗಗಳ ಮೇಲೆ ತಿಳಿಬೂದು ಇಂಕನ್ನು ಹೊದಿಸಿ ಕಪ್ಪನ್ನು ಇನ್ನೂ ಆಳ ಮಾಡುವ ‘ಕಾರ್ಬನ್ ಬ್ಲ್ಯಾಕ್’ ಎಂಬ ವ್ಯವಸ್ಥೆಯೂ ಇದೆ. ಕಪ್ಪು ತುಂಬ ಚೆನ್ನಾಗಿ ಬರುತ್ತದೆ. ಆದರೆ ಅಚ್ಚ ಬಿಳಿ ಜಾಗಕ್ಕೆ ಹೊದಿಕೆ ಇಲ್ಲದ್ದರಿಂದ, ಕನ್ನಡಿಯಂಥ ಗ್ಲಾಸಿ ಕಾಗದದಲ್ಲಿ ಬಿಳಿಯ ಅಂಚು ಓರೆಯಲ್ಲಿ ಕಾಣುವುದು ಇನ್ನೂ ಸ್ವಲ್ಪ ಉಳಿಯುತ್ತದೆ. ನೀವು ಹೆಚ್ಚಾಗಿ ಹೊಳಪು ಸ್ವಲ್ಪ ಕಡಿಮೆ ಇರುವ ಲಸ್ಟರ್ ಅಥವಾ ಸೆಮಿಗ್ಲಾಸ್ ಕಾಗದ ಬಳಸುವವರಾದರೆ ಇದು ಗಮನಕ್ಕೂ ಬರುವುದಿಲ್ಲ.

ಕಪ್ಪಿನ ಮಾತು

ಅಷ್ಟೆಲ್ಲ ತೊಂದರೆ ಇದ್ದೂ ಜನ ಗ್ಲಾಸಿಯನ್ನೇ ಯಾಕೆ ಬಯಸುತ್ತಾರೆ? ಕಪ್ಪಿಗಾಗಿ. ಹೊಳಪಿಲ್ಲದ ಮ್ಯಾಟ್ ಕಾಗದದ ಅತಿ ಗಾಢ ಕಪ್ಪಿನ ಸಾಂದ್ರತೆ ಸುಮಾರು 1.6. ಒಳ್ಳೆಯ ಗ್ಲಾಸಿಯಲ್ಲಿ ಅದು 2.3 ದಾಟುತ್ತದೆ. ಅಂಕಿ ನೋಡಿದರೆ ಅಂಥ ದೊಡ್ಡ ಅಂತರ ಅನಿಸುವುದಿಲ್ಲ. ಆದರೆ ಇದು ಲಾಗರಿದಮ್ ಲೆಕ್ಕ. ನೂರು ಪಾಲು ಬೆಳಕು ಬಿದ್ದರೆ ಮ್ಯಾಟ್ ಕಪ್ಪು ಎರಡೂವರೆ ಪಾಲು ವಾಪಸ್ ಕಳಿಸುತ್ತದೆ, ಗ್ಲಾಸಿ ಕಪ್ಪು ಬರೀ ಅರ್ಧ ಪಾಲು. ಐದು ಪಟ್ಟು ವ್ಯತ್ಯಾಸ! ರಾತ್ರಿಯ ಚಿತ್ರ, ನೀರಿನ ಪ್ರತಿಬಿಂಬ, ಹಕ್ಕಿಯ ಗರಿ ಇವೆಲ್ಲ ಗ್ಲಾಸಿಯಲ್ಲಿ ಎದ್ದು ಬರುವುದು ಇದರಿಂದಲೇ.

ಇದಕ್ಕೆ ಬೇಕಾದ ಕಪ್ಪು ಇಂಕೇ ಬೇರೆ. ಗ್ಲಾಸಿಗೆ ಫೋಟೋ ಬ್ಲ್ಯಾಕ್, ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್. ಮ್ಯಾಟ್ ಬ್ಲ್ಯಾಕನ್ನು ಗ್ಲಾಸಿ ಮೇಲೆ ಹಾಕಿದರೆ ಅದು ಅಂಟುವುದೇ ಇಲ್ಲ, ಬೆರಳಿಗೆ ಮಸಿಯಾಗಿ ಬರುತ್ತದೆ. ಎಪ್ಸನ್‌ನ ಪಿ600, ಪಿ800 ಮಾದರಿಗಳಲ್ಲಿ ಈ ಎರಡು ಕಪ್ಪಿಗೂ ಒಂದೇ ದಾರಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಪ್ರತಿ ಸಲ ಒಂದಿಷ್ಟು ಇಂಕು ಚೆಲ್ಲಿಹೋಗುತ್ತದೆ. ಪಿ700, ಪಿ900ಗಳಲ್ಲಿ ಎರಡಕ್ಕೂ ಇಂಕು ಚಿಮ್ಮುವ ಸಣ್ಣ ತೂತುಗಳು, ಅಂದರೆ ನಾಝಲ್‌ಗಳು, ಬೇರೆ ಬೇರೆ ಇವೆ. ಬಳಸಿದ ಹಳೆಯ ಪ್ರಿಂಟರ್ ಕೊಳ್ಳುವವರು ಇದನ್ನು ಮರೆಯದೆ ವಿಚಾರಿಸಿ. ಗ್ಲಾಸಿ ಬಿಟ್ಟು ಬೇರೇನೂ ತೆಗೆಯುವುದಿಲ್ಲ ಎನ್ನುವವರಿಗೆ ಮಾತ್ರ ಇದರ ಚಿಂತೆ ಬೇಡ.

ಕಪ್ಪು-ಬಿಳುಪು ಚಿತ್ರ ಇಷ್ಟಪಡುವವರು ಬೂದು ಇಂಕುಗಳನ್ನು ಎಣಿಸಿ. ಕಪ್ಪಿನ ಜೊತೆ ಬೂದು, ತಿಳಿಬೂದು ಎರಡಾದರೂ ಇದ್ದರೆ ಚೆನ್ನ. ಅವಿಲ್ಲದ ಪ್ರಿಂಟರ್ ಬೂದು ಬಣ್ಣವನ್ನು ಸಯಾನ್, ಮಜೆಂಟಾ, ಹಳದಿ ಕಲಸಿ ಮಾಡಬೇಕಾಗುತ್ತದೆ. ಹಗಲಿಗೆ ಸರಿ ಕಂಡ ಆ ಬೂದು, ದೀಪದ ಬೆಳಕಿನಲ್ಲಿ ಹಸಿರಾಗಿಯೋ ಕೆಂಪಾಗಿಯೋ ಕಾಣಬಹುದು.

ಕಾಗದವೂ ಪ್ರಿಂಟರಿನ ಭಾಗವೇ

ಸಾಮಾನ್ಯ ಗ್ಲಾಸಿ ಫೋಟೋ ಕಾಗದಕ್ಕೆ ಆರ್‌ಸಿ ಎನ್ನುತ್ತಾರೆ. ಕಾಗದದ ಎರಡೂ ಬದಿಗೆ ಪಾಲಿಥೀನ್ ಪದರ, ಅದರ ಮೇಲೆ ಇಂಕು ಹೀರುವ ಪದರ. ನೀರು ಕಾಗದದ ನಾರಿಗೆ ಮುಟ್ಟುವುದಿಲ್ಲ, ಹಾಗಾಗಿ ಸುಕ್ಕಾಗುವುದಿಲ್ಲ. ಇನ್ನೊಂದು ಬರೈಟಾ. ಹತ್ತಿಯ ಅಥವಾ ಮರದ ನಾರಿನ ದಪ್ಪ ಕಾಗದದ ಮೇಲೆ ಬೇರಿಯಂ ಸಲ್ಫೇಟ್ ಲೇಪ ಇರುತ್ತದೆ. ಡಾರ್ಕ್‌ರೂಮಿನ ಕಾಲದ ಫೋಟೋ ಕಾಗದದ ನೆನಪು ತರುವ ಮೃದು ಹೊಳಪು ಅದಕ್ಕೆ. ಪಿಗ್ಮೆಂಟ್ ಇಂಕಿಗೆ ಬರೈಟಾ ಬಹಳ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅದರ ಮೇಲ್ಮೈಯ ಸಣ್ಣ ತರಿ ಹೊಳಪಿನ ಏರುಪೇರನ್ನು ಮುಚ್ಚಿಬಿಡುತ್ತದೆ. ‘ಗ್ಲಾಸಿ ಬೇಕು’ ಎಂದು ಬಂದ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿದ್ದದ್ದು ಆಳವಾದ ಕಪ್ಪು ಮತ್ತು ತುಂಬಿದ ಬಣ್ಣ, ಕನ್ನಡಿಯ ಹೊಳಪಲ್ಲ. ಅವರಿಗೆ ಲಸ್ಟರ್ ಅಥವಾ ಬರೈಟಾ ತೋರಿಸಿದರೆ ಮನಸ್ಸು ಬದಲಾಯಿಸುತ್ತಾರೆ. ನೀವೂ ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕಾಗದ ಯಂತ್ರದೊಳಗೆ ಹೇಗೆ ಹೋಗುತ್ತದೆ ಎಂಬುದನ್ನು ಬಹಳ ಜನ ಕೇಳುವುದಿಲ್ಲ. ಗ್ಲಾಸಿಯ ಮಟ್ಟಿಗೆ ಇದು ಮುಖ್ಯ. ಕೆಲವು ಪ್ರಿಂಟರ್‌ಗಳಲ್ಲಿ ಹೊರಬರುವ ಹಾಳೆಯನ್ನು ಹಲ್ಲಿನ ಸಣ್ಣ ಚಕ್ರಗಳು ಮೇಲಿಂದ ಒತ್ತಿ ಹಿಡಿಯುತ್ತವೆ. ಇಂಕು ಪೂರ್ತಿ ಒಣಗಿರದಿದ್ದರೆ ಕಪ್ಪು ಜಾಗದಲ್ಲಿ ಚುಕ್ಕಿಗಳ ಸಾಲು ಬೀಳುತ್ತದೆ. ನೇರ ನೋಡಿದರೆ ಕಾಣದು, ಓರೆ ಹಿಡಿದರೆ ಸಾಲಾಗಿ ಕಾಣುತ್ತದೆ. ದೊಡ್ಡ ಯಂತ್ರಗಳು ಕಾಗದವನ್ನು ಕೆಳಗಿನಿಂದ ಗಾಳಿ ಎಳೆದು ಚಪ್ಪಟೆ ಹಿಡಿಯುತ್ತವೆ. ಅಂಥ ವ್ಯವಸ್ಥೆ ಇದ್ದರೆ ಅದು ನಿಜಕ್ಕೂ ಉಪಯೋಗ. ದಪ್ಪ ಕಾಗದ ಬಗ್ಗದೆ ನೇರ ಹೋಗುವ ದಾರಿ ಇದೆಯೇ ಎಂದೂ ನೋಡಿ.

ಎಷ್ಟು ಅಗಲ?

ಫೋಟೋ ಪ್ರಿಂಟರ್‌ಗಳ ಅಗಲ 13, 17, 24, 44 ಇಂಚು ಹೀಗೆ ಏರುತ್ತಾ ಹೋಗುತ್ತದೆ. 13 ಇಂಚಿನದರಲ್ಲಿ 13×19ರ ಹಾಳೆ, 17 ಇಂಚಿನದರಲ್ಲಿ ಎ2 ಅಥವಾ 17×22.

ಮೊದಲು ನಿಮ್ಮ ಕ್ಯಾಮೆರಾದ ಲೆಕ್ಕ. ಇಂಚಿಗೆ 300 ಪಿಕ್ಸೆಲ್ ಇಟ್ಟುಕೊಂಡರೆ 13×19 ಇಂಚಿಗೆ 3900×5700, ಅಂದರೆ ಸುಮಾರು 22 ಮೆಗಾಪಿಕ್ಸೆಲ್ ಸಾಕು. 17×22ಕ್ಕೆ ಸುಮಾರು 34. 24×36 ಇಂಚಿಗೆ ಇದೇ ಲೆಕ್ಕದಲ್ಲಿ 78 ಆಗುತ್ತದೆ. ಆದರೆ ಅಷ್ಟು ದೊಡ್ಡ ಚಿತ್ರವನ್ನು ಯಾರೂ ಮೂಗಿಗೆ ಹಿಡಿದು ನೋಡುವುದಿಲ್ಲ. ಇಂಚಿಗೆ 180 ಪಿಕ್ಸೆಲ್ ಇದ್ದರೂ ಚೆನ್ನಾಗಿ ಕಾಣುತ್ತದೆ, ಅದಕ್ಕೆ 28 ಮೆಗಾಪಿಕ್ಸೆಲ್ ಸಾಕು. ಹಾಗಾಗಿ ಅಗಲದ ತೀರ್ಮಾನ ಪಿಕ್ಸೆಲ್‌ಗಿಂತ ಹೆಚ್ಚಾಗಿ ಇಂಕಿನ ಮೇಲೆ ನಿಂತಿದೆ.

ಚಿಕ್ಕ ಪ್ರಿಂಟರಿನಲ್ಲಿ ಚಿಕ್ಕ ಕಾರ್ಟ್ರಿಡ್ಜ್. ಪ್ರೊ-300ರಲ್ಲಿ ಒಂದೊಂದು 14.4 ಮಿಲಿಲೀಟರ್. ಪಿ700ರಲ್ಲಿ 25, ಪಿ900ರಲ್ಲಿ 50, ಪ್ರೊ-1000ರಲ್ಲಿ 80. 24 ಇಂಚಿನ ಯಂತ್ರಗಳಲ್ಲಿ ನೂರಾರು ಮಿಲಿಲೀಟರ್‌ನ ಡಬ್ಬಿಗಳು. ಕಾರ್ಟ್ರಿಡ್ಜ್ ದೊಡ್ಡದಾದಷ್ಟೂ ಮಿಲಿಲೀಟರಿಗೆ ಬೀಳುವ ಬೆಲೆ ಇಳಿಯುತ್ತದೆ. ದುಡ್ಡಿನ ಲೆಕ್ಕ ಹಾಕುವಾಗ ಕಾರ್ಟ್ರಿಡ್ಜಿನ ಬೆಲೆ ನೋಡಬೇಡಿ, ಅದನ್ನು ಮಿಲಿಲೀಟರಿನಿಂದ ಭಾಗಿಸಿ ನೋಡಿ. ಹೊಸ ಪ್ರಿಂಟರಿನ ಜೊತೆ ಬರುವ ಇಂಕಿನಲ್ಲಿ ಒಂದು ಭಾಗ ಕೊಳವೆಗಳನ್ನು ತುಂಬಿಸುವುದಕ್ಕೇ ಹೋಗುತ್ತದೆ, ಅದನ್ನು ಪ್ರಿಂಟಿಗೆ ಸಿಗುವ ಇಂಕು ಎಂದು ಎಣಿಸಬೇಡಿ.

ನನ್ನ ಅನಿಸಿಕೆಯಲ್ಲಿ ಮನೆಯಲ್ಲಿ ಇಟ್ಟುಕೊಂಡು ಗಂಭೀರವಾಗಿ ಪ್ರಿಂಟ್ ತೆಗೆಯುವವರಿಗೆ 17 ಇಂಚು ಒಳ್ಳೆಯ ಅಳತೆ. ಗೋಡೆಗೆ ಸಾಕಷ್ಟು ದೊಡ್ಡದು, ಮೇಜಿನ ಮೇಲೆ ಕೂರುತ್ತದೆ. ತೂಕದ ಬಗ್ಗೆ ಎಚ್ಚರ ಇರಲಿ: ಪಿ900 ಸುಮಾರು 15 ಕಿಲೋ, ಪ್ರೊ-1000 ಅದರ ಎರಡು ಪಟ್ಟು, ಸುಮಾರು 32 ಕಿಲೋ. ಉದ್ದದ ಪನೋರಮಾ ತೆಗೆಯುವವರು ರೋಲ್ ಬಗ್ಗೆ ಕೇಳಿ. ಪ್ರೊ-1000ರಲ್ಲಿ ರೋಲ್ ಹಾಕಲು ಆಗುವುದಿಲ್ಲ, ಪಿ900ಕ್ಕೆ ರೋಲಿನ ಭಾಗವನ್ನು ಬೇರೆಯಾಗಿ ಕೊಂಡು ಜೋಡಿಸಬೇಕು.

ಸುಮ್ನೆ ಇಟ್ಟರೆ ಕೆಡುತ್ತದೆ

ಇಂಕ್‌ಜೆಟ್ ಪ್ರಿಂಟರ್ ಬಳಸಿ ಕೆಡುವುದಕ್ಕಿಂತ ಬಳಸದೆ ಕೆಡುವುದು ಜಾಸ್ತಿ. ನಾಝಲ್‌ಗಳ ಬಾಯಿ ಕೂದಲಿಗಿಂತ ಸಣ್ಣ. ಅಲ್ಲಿ ಇಂಕು ಒಣಗಿದರೆ ಪ್ರಿಂಟಿನಲ್ಲಿ ಗೆರೆ ಬೀಳುತ್ತದೆ. ನಾಝಲ್‌ಗಳಿರುವ ಭಾಗವಾದ ಹೆಡ್ಡನ್ನು ಇಂಕು ಹರಿಸಿ ಕ್ಲೀನಿಂಗ್ ಮಾಡಿದರೆ ಬಾಯಿ ತೆರೆಯುತ್ತದೆ, ಆದರೆ ಹರಿಸಿದ ಇಂಕೆಲ್ಲ ಮೆಂಟೆನೆನ್ಸ್ ಬಾಕ್ಸ್ ಎಂಬ ಕಸದ ಡಬ್ಬಿಗೆ ಹೋಗುತ್ತದೆ. ಕ್ಲೀನಿಂಗಿಗೆ ಹಾಳಾದ ಇಂಕಿನಲ್ಲಿ ಎಷ್ಟು ಒಳ್ಳೆಯ ಪ್ರಿಂಟ್ ಬರುತ್ತಿತ್ತೋ ಎಂದು ನೆನೆದು ನಾನು ಸಂಕಟ ಪಟ್ಟಿದ್ದೇನೆ. ವಾರಕ್ಕೊಂದು ಬಣ್ಣದ ಪ್ರಿಂಟ್ ತೆಗೆಯಿರಿ, ಚಿಕ್ಕದಾದರೂ ಸರಿ. ಕೋಣೆ ತೀರಾ ಒಣಗಿರದಂತೆ ನೋಡಿಕೊಳ್ಳಿ. ತೇವಾಂಶ ಶೇಕಡಾ 40ರಿಂದ 60 ಇದ್ದರೆ ಪ್ರಿಂಟರಿಗೂ ಕಾಗದಕ್ಕೂ ಹಿತ.

ಹೆಡ್‌ಗಳಲ್ಲೂ ಎರಡು ಬಗೆ. ಕ್ಯಾನನ್, ಎಚ್‌ಪಿ ಇಂಕನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆಯ ಒತ್ತಡದಿಂದ ಹನಿ ಚಿಮ್ಮಿಸುತ್ತವೆ. ಈ ಹೆಡ್ ಸವೆಯುತ್ತದೆ. ಪ್ರೊ-1000ದಂಥವುಗಳಲ್ಲಿ ಅದನ್ನು ಬಳಸುವವರೇ ಬದಲಾಯಿಸಿಕೊಳ್ಳಬಹುದು. ಎಪ್ಸನ್‌ನಲ್ಲಿ ವಿದ್ಯುತ್ ಹರಿದಾಗ ಬಾಗುವ ಪೀಝೋ ಬಿಲ್ಲೆಗಳು ಇಂಕನ್ನು ತಳ್ಳುತ್ತವೆ. ಕಾಯಿಸುವ ಕೆಲಸ ಇಲ್ಲ, ಬಹಳ ಕಾಲ ಬಾಳುತ್ತದೆ. ಆದರೆ ಒಮ್ಮೆ ಕೆಟ್ಟರೆ ಸರ್ವಿಸಿನವರೇ ಬರಬೇಕು. ತಿಂಗಳಿಗೊಮ್ಮೆ ಪ್ರಿಂಟರ್ ಮುಟ್ಟುವವರಾದರೆ ನಾನು ನೇರವಾಗಿ ಹೇಳುತ್ತೇನೆ, ದೊಡ್ಡ ಪಿಗ್ಮೆಂಟ್ ಯಂತ್ರ ಬೇಡ. ಡೈ ಸಾಮಾನ್ಯವಾಗಿ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಕ್ಯಾನನ್‌ನ ಪ್ರೊ-200ರಂಥ 8 ಡೈ ಇಂಕಿನ 13 ಇಂಚಿನ ಪ್ರಿಂಟರ್, ಅಥವಾ ಇಂಕನ್ನು ಬಾಟಲಿಯಿಂದ ತುಂಬುವ ಎಪ್ಸನ್‌ನ ಇಟಿ-8550ಯಂಥದ್ದು ಅಂಥವರಿಗೆ ಸರಿ. ಆಲ್ಬಮ್, ಉಡುಗೊರೆ, ಮನೆಯ ಗೋಡೆ ಇವಿಷ್ಟಕ್ಕೆ ಅದರ ಗ್ಲಾಸಿ ಪ್ರಿಂಟ್ ನೋಡಿ ಯಾರೂ ಕೊರತೆ ಹೇಳಲಾರರು. ಮಾರುವುದಕ್ಕೆ ಅಥವಾ ಪ್ರದರ್ಶನಕ್ಕೆ ತೆಗೆಯುವವರು ಪಿಗ್ಮೆಂಟಿಗೆ ಹೋಗಿ. ಕನ್ನಡಿಯಂಥ ಗ್ಲಾಸಿಯೇ ಬೇಕೆಂದಿದ್ದರೆ ಪಾರದರ್ಶಕ ಇಂಕು ಇರುವುದನ್ನು ಆರಿಸಿ. 24 ಇಂಚು ಮತ್ತು ಅದಕ್ಕಿಂತ ದೊಡ್ಡದು ದಿನವೂ ಓಡಿಸುವಷ್ಟು ಕೆಲಸ ಇದ್ದವರಿಗೆ ಮಾತ್ರ.

ಯಾವುದನ್ನೇ ತಂದರೂ ಪ್ರತಿ ಕಾಗದಕ್ಕೂ ಅದರದೇ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಎಂದು ತಿಳಿಸುವ ಫೈಲ್) ಬಳಸಿ, ಬಣ್ಣ ಸರಿಯಾಗಿ ತೋರಿಸುವಂತೆ ಮಾನಿಟರ್ ಕ್ಯಾಲಿಬ್ರೇಟ್ ಮಾಡಿ. ಕಾಗದ ತಯಾರಿಸುವವರು ಪ್ರೊಫೈಲನ್ನು ಹೆಚ್ಚಾಗಿ ಉಚಿತವಾಗಿಯೇ ಕೊಡುತ್ತಾರೆ. ನಿಮ್ಮ ಇಷ್ಟದ ಕಾಗದಕ್ಕೆ ಪ್ರೊಫೈಲ್ ಸಿಗದ ಪ್ರಿಂಟರ್ ಆದರೆ ಎರಡು ಸಲ ಯೋಚಿಸಿ.

ಕೊಳ್ಳುವ ಮೊದಲು ನಿಮ್ಮದೇ ಫೈಲ್ ಕೊಟ್ಟು, ನೀವು ಬಳಸಲಿರುವ ಕಾಗದದಲ್ಲೇ ಒಂದು ಮಾದರಿ ತೆಗೆಸಿ. ಅಂಗಡಿಯವರು ತೋರಿಸುವ ಹೂವಿನ ಚಿತ್ರದಲ್ಲಿ ಏನೂ ತಿಳಿಯುವುದಿಲ್ಲ. ಅಚ್ಚ ಬಿಳಿ ಇರುವ, ಗಾಢ ನೆರಳಿರುವ, ಆಕಾಶದ ಹಾಗೆ ನಿಧಾನ ಬದಲಾಗುವ ಬಣ್ಣ ಇರುವ ಚಿತ್ರ ಕೊಡಿ. ಒಂದು ಕಪ್ಪು-ಬಿಳುಪು ಚಿತ್ರವೂ ಇರಲಿ. ಕೈಗೆ ಬಂದ ಮೇಲೆ ಒಂದೇ ದೀಪದ ಕೆಳಗೆ ಓರೆ ಹಿಡಿದು ನಿಧಾನ ತಿರುಗಿಸಿ. ಬಿಳಿಯ ಅಂಚು, ಕಪ್ಪಿನ ಮಿಂಚು, ಚಕ್ರದ ಚುಕ್ಕಿ ಮೂರನ್ನೂ ಹುಡುಕಿ. ಆಮೇಲೆ ಅದರ ಮೇಲೊಂದು ಸಾದಾ ಕಾಗದ ಹೊದಿಸಿ ಒಂದು ದಿನ ಬಿಡಿ. ಇಂಕಿನಲ್ಲಿರುವ ಗ್ಲೈಕಾಲ್ ನಿಧಾನ ಆರುತ್ತದೆ. ಆರುವ ಮೊದಲೇ ಫ್ರೇಮ್ ಹಾಕಿದರೆ ಗಾಜಿನ ಒಳಬದಿಗೆ ಮಂಜು ಕಟ್ಟುತ್ತದೆ. ಬಣ್ಣವೂ ಆರುವ ತನಕ ಪೂರ್ತಿ ನೆಲೆಗೆ ಬರುವುದಿಲ್ಲ. ಮರುದಿನ ಅದೇ ದೀಪದ ಕೆಳಗೆ ಮತ್ತೆ ಓರೆ ಹಿಡಿದು ನೋಡಿ, ಆಮೇಲೆ ಪ್ರಿಂಟರಿಗೆ ದುಡ್ಡು ಕೊಡಿ.